ಮೂಳೆ ಕಟ್ಟುವ ಜೀನ್‌ಗಳು: ಪ್ರಮಾಣ ತಪ್ಪಿದರೆ ಏನಾಗುತ್ತದೆ?

ಗರ್ಭದಲ್ಲಿ ಕೈಕಾಲಿನ ಮೂಳೆಗಳು ಮೊದಲು ಮೃದ್ವಸ್ಥಿಯಾಗಿಯೇ ರೂಪುಗೊಳ್ಳುತ್ತವೆ. ಆಮೇಲೆ ಅದರೊಳಗೆ ರಕ್ತನಾಳ ನುಗ್ಗಿ, ಮೃದ್ವಸ್ಥಿ ಕರಗುತ್ತ ಹೋದಂತೆ ಆ ಜಾಗದಲ್ಲಿ ಮೂಳೆ ಕೂರುತ್ತದೆ. ತಲೆಬುರುಡೆಯ ಚಪ್ಪಟೆ ಮೂಳೆಗಳಿಗೆ ಇದೂ ಬೇಕಿಲ್ಲ, ಪೊರೆಯಂಥ ಅಂಗಾಂಶದಲ್ಲಿ ನೇರವಾಗಿ ಕಟ್ಟಿಕೊಳ್ಳುತ್ತವೆ. ಅಂಗರಚನಾ ತಜ್ಞರಿಗೆ ಇದೆಲ್ಲ ಬಹಳ ಹಿಂದೆಯೇ ಗೊತ್ತಿತ್ತು. ಮೂಳೆಯಾಗು ಎಂಬ ಸೂಚನೆ ಕೋಶಕ್ಕೆ ಎಲ್ಲಿಂದ ಬರುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಮೊದಲ ಸುಳಿವು ಸಿಕ್ಕಿದ್ದು 1965ರಲ್ಲಿ. ಅಮೆರಿಕದ ಶಸ್ತ್ರವೈದ್ಯ ಮಾರ್ಷಲ್ ಯೂರಿಸ್ಟ್, ಆಮ್ಲದಲ್ಲಿ ನೆನೆಸಿ ಖನಿಜಾಂಶ ತೆಗೆದ ಮೂಳೆಯ ತುಂಡನ್ನು ಪ್ರಾಣಿಗಳ ಸ್ನಾಯುವಿನೊಳಗೆ ಇಟ್ಟರು. ಮೂಳೆಯೇ ಇರಬಾರದ ಆ ಜಾಗದಲ್ಲಿ ಹೊಸ ಮೂಳೆ ಬೆಳೆಯಿತು. ಅದಕ್ಕೆ ಕಾರಣವಾದ ಬಿಎಂಪಿ ಎಂಬ ಪ್ರೋಟೀನ್‌ಗಳ ಜೀನ್‌ಗಳು ಕೈಗೆ ಸಿಕ್ಕಿದ್ದು 1988ರಲ್ಲಿ.

ನಿಜವಾದ ತಿರುವು 1997ರದು. ರನ್ಕ್ಸ್2 ಎಂಬ ಜೀನ್‌ನ ಎರಡೂ ಪ್ರತಿಗಳನ್ನು ತೆಗೆದ ಇಲಿಮರಿಗಳು ಹುಟ್ಟಿದ ಕೂಡಲೇ ಉಸಿರಾಡಲಾಗದೆ ಸತ್ತವು. ಮೃದ್ವಸ್ಥಿಯ ಅಸ್ಥಿಪಂಜರ ಬಹುಮಟ್ಟಿಗೆ ತಯಾರಾಗಿತ್ತು, ಮೂಳೆ ಮಾತ್ರ ಎಲ್ಲೂ ಇರಲಿಲ್ಲ. ಒಂದೇ ಪ್ರತಿ ಕೆಟ್ಟರೆ? ಮನುಷ್ಯರಲ್ಲಿ ಅದು ಕ್ಲೈಡೋಕ್ರೇನಿಯಲ್ ಡಿಸ್ಪ್ಲೇಸಿಯಾ ಎಂಬ ಕಾಯಿಲೆ. ಕೊರಳೆಲುಬು ಅರ್ಧಂಬರ್ಧ ಇರುತ್ತದೆ ಅಥವಾ ಇರುವುದೇ ಇಲ್ಲ, ಕೆಲವರು ಎರಡು ಭುಜಗಳನ್ನೂ ಎದೆಯ ಮುಂದೆ ಕೂಡಿಸಬಲ್ಲರು. ಮಗುವಿನ ನೆತ್ತಿ ಬೇಗ ಮುಚ್ಚುವುದಿಲ್ಲ, ಹೆಚ್ಚುವರಿ ಹಲ್ಲುಗಳು ದವಡೆಯಲ್ಲೇ ಉಳಿಯುತ್ತವೆ. ತೊಡೆಮೂಳೆಗೆ ಇಷ್ಟು ಪೆಟ್ಟು ಬೀಳುವುದಿಲ್ಲ. ಮೃದ್ವಸ್ಥಿಯ ನೆರವಿಲ್ಲದೆ ಕಟ್ಟುವ ಭಾಗಗಳೇ ರನ್ಕ್ಸ್2 ಜೀನ್‌ನ ಪ್ರೋಟೀನ್ ಅರ್ಧಕ್ಕಿಳಿದರೆ ಮೊದಲು ಸೋಲುತ್ತವೆ. ಮೂಳೆಯ ಜೀನ್‌ಗಳ ವಿಷಯದಲ್ಲಿ ಇದೆ ಅಥವಾ ಇಲ್ಲ ಎನ್ನುವುದಕ್ಕಿಂತ ಎಷ್ಟಿದೆ ಎನ್ನುವುದೇ ಮುಖ್ಯ ಎಂದು ನಾವು ಹೇಳುವುದು ಇದಕ್ಕೇ.

ಆದರೆ ಕಡಿಮೆ ಎಂದರೆ ಯಾವಾಗಲೂ ಹೆಚ್ಚು ಕೆಟ್ಟದ್ದು ಎಂದೇನಲ್ಲ. ಮೂಳೆಯ ಮುಖ್ಯ ಪ್ರೋಟೀನ್ ಆದ ಒಂದನೇ ಬಗೆಯ ಕೊಲಾಜನ್‌ನಲ್ಲಿ ಮೂರು ಎಳೆಗಳು ಹೆಣೆದುಕೊಂಡಿರುತ್ತವೆ. ಎರಡು ಎಳೆ ಒಂದು ಜೀನ್‌ನಿಂದ, ಮೂರನೆಯದು ಇನ್ನೊಂದರಿಂದ. ಮೊದಲ ಜೀನ್‌ನ ಒಂದು ಪ್ರತಿ ಪೂರ್ತಿ ಮೌನವಾದರೆ ಕೊಲಾಜನ್ ಅರ್ಧವಾಗುತ್ತದೆ, ತಯಾರಾದದ್ದು ಸರಿಯಾಗಿಯೇ ಇರುತ್ತದೆ. ಮೂಳೆ ಸುಲಭವಾಗಿ ಮುರಿಯುವ ಕಾಯಿಲೆಯ ಸೌಮ್ಯ ರೂಪ ಅದು. ಅದೇ ಪ್ರತಿ ಕೆಟ್ಟ ಎಳೆಯನ್ನು ತಯಾರಿಸಿತೆಂದರೆ, ನಾಲ್ಕರಲ್ಲಿ ಮೂರು ಕೊಲಾಜನ್ ಅಣುಗಳಿಗೆ ಒಂದಾದರೂ ಕೆಟ್ಟ ಎಳೆ ಸೇರಿಕೊಳ್ಳುತ್ತದೆ. ಎಳೆಯ ಪ್ರತಿ ಮೂರನೇ ಸ್ಥಾನದಲ್ಲಿರಬೇಕಾದ ಗ್ಲೈಸಿನ್ ಬದಲಾದಾಗ ಹೆಣಿಗೆ ನಿಧಾನವಾಗುತ್ತದೆ, ತಪ್ಪುತ್ತದೆ. ಕೆಲವು ಶಿಶುಗಳ ಮೂಳೆ ಗರ್ಭದಲ್ಲೇ ಮುರಿದಿರುತ್ತದೆ.

ಉದ್ದದ ಲೆಕ್ಕ ಬೇರೆ. ಎಫ್‌ಜಿಎಫ್‌ಆರ್3 ಜೀನ್ ಮೂಳೆಯ ತುದಿಯ ಬೆಳವಣಿಗೆ ಫಲಕಕ್ಕೆ, ಅಂದರೆ ಮೂಳೆಯನ್ನು ಉದ್ದವಾಗಿಸುವ ಮೃದ್ವಸ್ಥಿಯ ಪದರಕ್ಕೆ, ಬ್ರೇಕ್ ಇದ್ದಂತೆ. ಕುಬ್ಜತೆಯ ಸಾಮಾನ್ಯ ಕಾರಣವಾದ ಅಕಾಂಡ್ರೋಪ್ಲೇಸಿಯಾದಲ್ಲಿ ಆ ಬ್ರೇಕ್ ಒತ್ತಿದಂತೆಯೇ ಉಳಿಯುತ್ತದೆ ಎಂದು 1994ರ ನಂತರ ತಿಳಿಯಿತು. ಹೆಚ್ಚುಕಡಿಮೆ ಎಲ್ಲ ರೋಗಿಗಳಲ್ಲೂ ಪ್ರೋಟೀನ್‌ನ 380ನೇ ಸ್ಥಾನದ ಅದೇ ಒಂದು ಬದಲಾವಣೆ. ಸುಮಾರು ಶೇ. 80 ಮಕ್ಕಳ ತಂದೆತಾಯಿ ಸಾಮಾನ್ಯ ಎತ್ತರದವರೇ. 2021ರಲ್ಲಿ ಒಪ್ಪಿಗೆ ಪಡೆದ ವೊಸೊರಿಟೈಡ್ ಎಂಬ ಔಷಧಿ ಈ ಬ್ರೇಕಿನ ಸಂಕೇತವನ್ನು ತಗ್ಗಿಸುತ್ತದೆ. ದಿನಾ ಚುಚ್ಚುಮದ್ದು ಬೇಕು, ಫಲಕ ಮುಚ್ಚಿಕೊಂಡ ಮೇಲೆ ಉಪಯೋಗವಿಲ್ಲ.

ಯೂರಿಸ್ಟ್ ಕಂಡ ವಿದ್ಯಮಾನವೇ 2006ರಲ್ಲಿ ಕಾಯಿಲೆಯ ರೂಪದಲ್ಲಿ ಅರ್ಥವಾಯಿತು. ಬಿಎಂಪಿಯ ಸಂಕೇತವನ್ನು ಕೋಶಕ್ಕೆ ಮುಟ್ಟಿಸುವ ಗ್ರಾಹಕ ಪ್ರೋಟೀನ್‌ನ ಜೀನ್ ಎಸಿವಿಆರ್1. ಅದರ ಒಂದಕ್ಷರ ಬದಲಾದವರಲ್ಲಿ ಸ್ನಾಯುವೇ ಮೂಳೆಯಾಗುತ್ತದೆ. ಹುಟ್ಟುವಾಗಲೇ ಕಾಲಿನ ಹೆಬ್ಬೆರಳು ಗಿಡ್ಡವಾಗಿ, ಸೊಟ್ಟಗಿರುವುದು ಇದರ ಗುರುತು. ಅದನ್ನು ಗಮನಿಸದೆ, ಬೆನ್ನಿನ ಊತವನ್ನು ಗೆಡ್ಡೆಯೆಂದು ಭಾವಿಸಿ ಬಯಾಪ್ಸಿ ಮಾಡಿದರೆ ಆ ಗಾಯದಲ್ಲೇ ಹೊಸ ಮೂಳೆ ಬೆಳೆಯಬಹುದು. ಸ್ನಾಯುವಿಗೆ ಕೊಡುವ ಚುಚ್ಚುಮದ್ದೂ ಅಪಾಯವೇ. ಮಗುವಿನ ಪಾದ ನೋಡಲು ಅರೆಗಳಿಗೆ ಸಾಕು, ದಯವಿಟ್ಟು ಮೊದಲು ಅದನ್ನು ನೋಡಿ.

ಬೆಳೆದವರ ಮೂಳೆಯನ್ನೂ ಜೀನ್‌ಗಳು ನಿಯಂತ್ರಿಸುತ್ತಲೇ ಇರುತ್ತವೆ. ದಕ್ಷಿಣ ಆಫ್ರಿಕಾದ ಆಫ್ರಿಕಾನರ್ ಕುಟುಂಬಗಳಲ್ಲಿ ಮೂಳೆ ವಿಪರೀತ ದಪ್ಪವಾಗುವ ಕಾಯಿಲೆಗೆ ಕಾರಣವಾದ ಜೀನ್ 2001ರಲ್ಲಿ ಪತ್ತೆಯಾಯಿತು. ಅದರ ಪ್ರೋಟೀನ್ ಸ್ಕ್ಲೆರೋಸ್ಟಿನ್, ಹೊಸ ಮೂಳೆ ಕಟ್ಟುವುದನ್ನು ತಡೆಯುತ್ತದೆ. ಅದನ್ನೇ ಅಡ್ಡಗಟ್ಟುವ, ಮೂಳೆ ಸವೆತಕ್ಕೆ ಕೊಡುವ ರೊಮೊಸೊಜುಮಾಬ್ ಎಂಬ ಔಷಧಿಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು: ತಿಂಗಳಿಗೆ 210 ಮಿಲಿಗ್ರಾಂ, 12 ತಿಂಗಳು. ಹಿಂದಿನ ಒಂದು ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ ಇದನ್ನು ಕೊಡಬಾರದು. ಔಷಧಿಯಿಂದ ಜೀನ್ ಬದಲಾಗುವುದಿಲ್ಲವಾದ್ದರಿಂದ, ವರ್ಷ ಮುಗಿದ ಮೇಲೆ ಮೂಳೆ ಸವೆತ ತಡೆಯುವ ಬೇರೊಂದು ಔಷಧಿ ಶುರುಮಾಡದಿದ್ದರೆ ಗಳಿಸಿದ ಸಾಂದ್ರತೆ ಮತ್ತೆ ಇಳಿಯುತ್ತದೆ.