ಸುಡೋ ಎಣ್ಣೆಗೆ ಬೇರೆ ಟ್ಯಾಂಕು: ಜಾವಾ ಊರಲ್ಲೊಂದು ರೋಟರಿ ಕಥೆ

ಡಿಸೆಂಬರ್ ರಜೆಗೆ ಮೆಲ್ಬರ್ನ್‌ನಿಂದ ಮೈಸೂರಿಗೆ ಬಂದ ನಮ್ಮ ಅಕ್ಕನ ಮಗ ಸೂಟ್‌ಕೇಸಿನಿಂದ ಚಾಕೊಲೇಟ್ ತೆಗೆಯುವ ಮೊದಲು ಒಂದು ರಟ್ಟಿನ ಪೆಟ್ಟಿಗೆ ತೆಗೆದ. ಒಂದು ಮೂಲೆ ಓರೆ, ಇನ್ನೊಂದು ಕಡೆ ಕಚ್ಚು, ಮೇಲೆಲ್ಲ ಪೆನ್ಸಿಲ್ ಗುರುತು. "ಮಾವ, ಇದೇ ಅಳತೇಲಿ ಅಲ್ಯೂಮಿನಿಯಂ ಟ್ಯಾಂಕ್ ಮಾಡಿಸಬೇಕು. ಅಲ್ಲಿ ಕೂಲಿನೇ ಜಾಸ್ತಿ" ಅಂದ. ಅವನ ಹತ್ತಿರ ರೋಟರಿ ಎಂಜಿನ್ನಿನ ಹಳೆಯ ಮಾಜ್ದಾ ಆರ್‌ಎಕ್ಸ್-8 ಕಾರಿದೆ. ಅದರ ಬಾನೆಟ್ ಒಳಗೆ ಖಾಲಿ ಇರುವ ಒಂದು ಮೂಲೆಗೆ ಸರಿಯಾಗಿ ಕೂರುವಂತೆ ರಟ್ಟು ಕತ್ತರಿಸಿ ಅಂಟಿಸಿಕೊಂಡು ಬಂದಿದ್ದ. ಒಳಗೆ ತುಂಬುವುದು ಟೂಟಿ ಆಯಿಲ್, ಅಂದರೆ ಟೂ ಸ್ಟ್ರೋಕ್ ಗಾಡಿಗಳಿಗೆ ಹಾಕುವ ಎಣ್ಣೆ.

ಮಾಜ್ದಾ ಅಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಸ್ವರಾಜ್ ಮಾಜ್ದಾ ವ್ಯಾನು. ಸ್ಕೂಲ್ ಮಕ್ಕಳನ್ನೋ ಮದುವೆ ದಿಬ್ಬಣವನ್ನೋ ತುಂಬಿಕೊಂಡು ಹೋಗುವ ಡೀಸೆಲ್ ಗಾಡಿ. ಅದೇ ಕಂಪನಿಯ ಕಾರಿಗೆ ಸ್ಕೂಟರಿಗೆ ಹಾಕುವ ಎಣ್ಣೆ ಯಾಕೆ? ನಾನು ಕೇಳಿದ್ದೂ ಇದನ್ನೇ. ಉತ್ತರ ಸರಿಯಾಗಿ ತಿಳಿಯಬೇಕಾದರೆ ಒಂದು ಕಡೆ ಜರ್ಮನಿ, ಜಪಾನ್ ಸುತ್ತಬೇಕು. ಇನ್ನೊಂದು ಕಡೆ ನಮ್ಮ ಮೈಸೂರಿನ ಯಾದವಗಿರಿಗೂ ಹೋಗಿಬರಬೇಕು.

ಯಾದವಗಿರಿಯಿಂದಲೇ ಶುರು ಮಾಡೋಣ. ಐಡಿಯಲ್ ಜಾವಾ ಕಾರ್ಖಾನೆ ಅಲ್ಲಿ ಬೈಕ್ ತಯಾರಿಸಲು ಶುರು ಮಾಡಿದ್ದು 1961ರಲ್ಲಿ. ಮುಂದೆ ಅದೇ ಬೈಕು ಯೆಜ್ಡಿ ಅನ್ನೋ ಹೆಸರಲ್ಲಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮಧ್ಯದ ಮೂರೂವರೆ ದಶಕ ಈ ಊರಿಗೆ ಟೂ ಸ್ಟ್ರೋಕ್ ಪಾಠ ಹೇಳಿದ್ದು ಆ ಬೈಕುಗಳೇ. ಬಂಕಿಗೆ ಹೋದರೆ ಪೆಟ್ರೋಲ್ ಜೊತೆ ಎಣ್ಣೆಯನ್ನೂ ಹೇಳಬೇಕಿತ್ತು. ಲೀಟರಿಗೆ 30ರಿಂದ 40 ಮಿ.ಲೀ. ಎಣ್ಣೆ ಹಾಕಿಸಿ, ಬೈಕನ್ನು ಆ ಕಡೆ ಈ ಕಡೆ ಅಲ್ಲಾಡಿಸಿ ಬೆರೆಸುವುದು. ಕಡಿಮೆಯಾದರೆ ಪಿಸ್ಟನ್ ಸೀಜ್. ಜಾಸ್ತಿಯಾದರೆ ಪ್ಲಗ್ ಕಪ್ಪು, ಹಿಂದೆ ಬರುವವನಿಗೆ ಹೊಗೆ. ವರ್ಷಕ್ಕೊಮ್ಮೆ ಸೈಲೆನ್ಸರ್ ಬಿಚ್ಚಿ, ಬೆಂಕಿಗೆ ಹಿಡಿದು, ಒಳಗಿನ ಕರಿ ಉದುರಿಸಬೇಕು. ಆ ವಾಸನೆ ಮೂಗಿಗೆ ಹತ್ತಿದವರು ಮರೆಯೋದಿಲ್ಲ.

ಟೂ ಸ್ಟ್ರೋಕ್‌ನಲ್ಲಿ ಈ ಗೋಳು ಯಾಕೆ ಅಂದರೆ, ಪಿಸ್ಟನ್ ಕೆಳಗಿನ ಜಾಗದ ಮೂಲಕವೇ ಪೆಟ್ರೋಲು ಗಾಳಿ ಮೇಲಕ್ಕೆ ಹೋಗುತ್ತವೆ. ಅಲ್ಲಿ ಎಣ್ಣೆ ತುಂಬಿ ಇಡೋದಕ್ಕೆ ಆಗಲ್ಲ. ಹಾಗಾಗಿ ಎಣ್ಣೆ ಪೆಟ್ರೋಲಿನ ಜೊತೆಗೇ ಬಂದು, ದಾರಿಯಲ್ಲಿ ಜಾರಿಕೆ ಕೊಟ್ಟು, ಕೊನೆಗೆ ಸುಟ್ಟುಹೋಗಬೇಕು. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಈ ತಾಪತ್ರಯವಿಲ್ಲ. ಕೆಳಗೆ ಸಂಪ್ ಅನ್ನೋ ತೊಟ್ಟಿಯಲ್ಲಿ ಎಣ್ಣೆ ಇರುತ್ತದೆ, ಮೇಲೆ ಬೆಂಕಿ ಇರುತ್ತದೆ, ನಡುವೆ ಪಿಸ್ಟನ್ ಕಾವಲು. ಕೆಳಗಿನಿಂದ ಚಿಮ್ಮಿದ ಎಣ್ಣೆಯನ್ನು ರಿಂಗುಗಳು ಗೋಡೆಗೆ ತೆಳ್ಳಗೆ ಸವರಿ ಉಳಿದದ್ದನ್ನು ಕೆಳಕ್ಕೆ ತಳ್ಳುತ್ತವೆ.

ರೋಟರಿ ಎಂಜಿನ್ ಈ ಎರಡರ ನಡುವೆ ಸಿಕ್ಕಿಕೊಂಡಿರೋದು. ಲೆಕ್ಕಕ್ಕೆ ಅದು ಫೋರ್ ಸ್ಟ್ರೋಕ್. ಎಳೆಯುವುದು, ಒತ್ತುವುದು, ಉರಿಯುವುದು, ಹೊರಗೆ ತಳ್ಳುವುದು, ನಾಲ್ಕೂ ಇವೆ. ಪಿಸ್ಟನ್ ಮಾತ್ರ ಇಲ್ಲ. ನಡು ಸ್ವಲ್ಪ ಒಳಕ್ಕೆ ಹೋದ ಉದ್ದುರುಟಿನ ಕೋಣೆ, ಅದರೊಳಗೆ ಹೊಟ್ಟೆ ಉಬ್ಬಿದ ತ್ರಿಕೋನದಂಥ ರೋಟರ್. ಮೂರು ಮೂಲೆಗೂ ಒಂದೊಂದು ಪಟ್ಟಿ. ಅದಕ್ಕೆ ಏಪೆಕ್ಸ್ ಸೀಲ್ ಅಂತಾರೆ. ರೋಟರ್ ತಿರುಗಿದಷ್ಟು ಹೊತ್ತೂ ಈ ಪಟ್ಟಿಗಳು ಗೋಡೆಯನ್ನು ಉಜ್ಜುತ್ತಲೇ ಇರುತ್ತವೆ. ಇಲ್ಲಿ 'ಕೆಳಗೆ' ಅನ್ನೋ ಜಾಗವೇ ಇಲ್ಲ, ಅದೇ ತೊಡಕು. ಪಟ್ಟಿಯ ಆ ಬದಿಗೂ ಈ ಬದಿಗೂ ಇರುವುದು ಪೆಟ್ರೋಲ್ ಗಾಳಿ, ಇಲ್ಲವೇ ಬೆಂಕಿ. ಸಂಪ್‌ನ ಎಣ್ಣೆ ರೋಟರಿನ ಹೊಟ್ಟೆಯೊಳಗೆ ಓಡಾಡಿ ಅದನ್ನು ತಂಪು ಮಾಡುತ್ತದೆ. ಮೂಲೆಗಳ ತನಕ ತಾನಾಗಿ ಬರುವುದಿಲ್ಲ. ಬೇಕೆಂದರೆ ಬೇರೆ ದಾರಿಯಲ್ಲಿ ತಂದು ಕೊಡಬೇಕು. ಕೊಟ್ಟ ಎಣ್ಣೆ ಸುಟ್ಟೇ ಹೋಗುತ್ತದೆ. ಅಂದರೆ ಹುಟ್ಟಿದ್ದು ಫೋರ್ ಸ್ಟ್ರೋಕ್ ಆಗಿ, ಹೊಟ್ಟೆ ಮಾತ್ರ ಟೂ ಸ್ಟ್ರೋಕ್‌ನದು.

ಇದನ್ನು ಕಂಡುಹಿಡಿದವರು ಜರ್ಮನಿಯ ಫೆಲಿಕ್ಸ್ ವಾಂಕೆಲ್. ಎನ್‌ಎಸ್‌ಯು ಕಂಪನಿಯಲ್ಲಿ ಮೊದಲ ಎಂಜಿನ್ ತಿರುಗಿದ್ದು 1957ರಲ್ಲಿ. ಆ ಕಂಪನಿ 1967ರಲ್ಲಿ ರೋ 80 ಅನ್ನೋ ಕಾರು ತಂದಿತು. ಮರುವರ್ಷ ಯುರೋಪಿನಲ್ಲಿ ವರ್ಷದ ಕಾರು ಪ್ರಶಸ್ತಿಯೂ ಬಂತು. ಸೀಲುಗಳು ಮಾತ್ರ ಕೈಕೊಟ್ಟವು. ವಾರಂಟಿಯಲ್ಲಿ ಎಂಜಿನ್ ಬದಲಾಯಿಸಿ ಕೊಟ್ಟು ಕೊಟ್ಟು ಕಂಪನಿ ಸುಸ್ತಾಯಿತು. ರೋ 80 ಮಾಲೀಕರು ದಾರಿಯಲ್ಲಿ ಎದುರಾದರೆ ಬೆರಳೆತ್ತಿ ತೋರಿಸುತ್ತಿದ್ದರಂತೆ, ಇದು ನನ್ನ ಎಷ್ಟನೇ ಎಂಜಿನ್ ಅಂತ. 1969ರಲ್ಲಿ ಎನ್‌ಎಸ್‌ಯು ಫೋಕ್ಸ್‌ವ್ಯಾಗನ್ ತೆಕ್ಕೆಗೆ ಹೋಯಿತು.

ಮಾಜ್ದಾದವರು 1961ರಲ್ಲೇ ಎನ್‌ಎಸ್‌ಯುನಿಂದ ಲೈಸೆನ್ಸ್ ಪಡೆದಿದ್ದರು. ಆಗ ಆ ಕಂಪನಿಯ ಹೆಸರು ತೋಯೊ ಕೋಗ್ಯೊ. ಕೆನಿಚಿ ಯಾಮಾಮೊಟೊ ಮತ್ತು ಅವರ 47 ಜನ ಎಂಜಿನಿಯರುಗಳ ತಂಡ ಮೊದಲು ಎದುರಿಸಿದ್ದು ಗೋಡೆಯ ಮೇಲೆ ಬೀಳುತ್ತಿದ್ದ ಗೀರುಗಳನ್ನು. ಸೀಲು ಅದುರಿ ಅದುರಿ ಗೋಡೆಯಲ್ಲಿ ಸಾಲು ಸಾಲು ಗೀರು ಮೂಡುತ್ತಿತ್ತು. ದೆವ್ವದ ಉಗುರು ಗುರುತು ಅಂತ ಅವರೇ ಹೆಸರಿಟ್ಟರು. ಇಂಗಾಲ ಮತ್ತು ಅಲ್ಯೂಮಿನಿಯಂ ಬೆರೆಸಿದ ಸೀಲ್ ಮಾಡಿ ಆ ಗುರುತು ಅಳಿಸಿದ ಮೇಲೆ 1967ರಲ್ಲಿ ಕಾಸ್ಮೊ ಸ್ಪೋರ್ಟ್ ರಸ್ತೆಗೆ ಬಂತು. ಆಮೇಲೆ 1978ರಲ್ಲಿ ಆರ್‌ಎಕ್ಸ್-7, 2003ರಲ್ಲಿ ಆರ್‌ಎಕ್ಸ್-8. 1991ರಲ್ಲಿ ನಾಲ್ಕು ರೋಟರಿನ 787ಬಿ ಕಾರು ಫ್ರಾನ್ಸಿನ ಲೆ ಮಾನ್ಸ್ ರೇಸನ್ನೇ ಗೆದ್ದಿತು. ಆ ಕಥೆಯನ್ನು ನಮ್ಮ ಹುಡುಗ ಎರಡು ಸಲ ಹೇಳಿದ. ಇಲ್ಲಿ ಒಂದು ಸಲ ಸಾಕು.

ನಮಗೆ ಬೇಕಾದದ್ದು ಎಣ್ಣೆಯ ಕಥೆ. ಸೀಲಿಗೆ ಎಣ್ಣೆ ಕೊಡಲು ಮಾಜ್ದಾ ಒಂದು ಸಣ್ಣ ಅಳತೆಯ ಪಂಪ್ ಇಟ್ಟಿತು. ಆಕ್ಸಿಲರೇಟರ್ ಒತ್ತಿದಷ್ಟೂ, ಎಂಜಿನ್ ಓಡಿದಷ್ಟೂ ಅದು ಜಾಸ್ತಿ ಎಣ್ಣೆ ಬಿಡುತ್ತದೆ. ಮೊದಲು ಅದು ಕಡ್ಡಿ, ಲಿವರ್ ಮೇಲೆ ನಡೆಯುತ್ತಿತ್ತು, 1980ರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ಆಯಿತು. ಆದರೆ ಪಂಪ್ ಎಣ್ಣೆ ತೆಗೆದುಕೊಳ್ಳುವುದು ಎಲ್ಲಿಂದ? ಅದೇ ಸಂಪ್‌ನಿಂದ. ಬೇರಿಂಗಿಗೆ ಹೋಗುವ ಎಣ್ಣೆಯಲ್ಲೇ ಚೂರು ಕದ್ದು ಸುಡಲು ಕೊಟ್ಟಂತೆ.

ಎಲ್ಲ ಎಡವಟ್ಟಿನ ಬೇರು ಇಲ್ಲಿದೆ ಅಂತ ನನ್ನ ಅಭಿಪ್ರಾಯ. ಒಂದೇ ಎಣ್ಣೆಗೆ ಎರಡು ಕೆಲಸ ಹಚ್ಚಿದರು, ಎರಡಕ್ಕೂ ಬೇಕಾದ ಗುಣ ಮಾತ್ರ ಬೇರೆ ಬೇರೆ. ಎಂಜಿನ್ ಆಯಿಲ್ ಇರುವುದು ಸುಡದೆ ತಿಂಗಳುಗಟ್ಟಲೆ ದುಡಿಯುವುದಕ್ಕೆ. ಕೊಳೆ ಹಿಡಿದಿಡಲು, ಸವೆತ ತಡೆಯಲು ಅದರಲ್ಲಿ ಕ್ಯಾಲ್ಸಿಯಂ, ಸತು ಇರುವ ಮದ್ದುಗಳನ್ನು ಬೆರೆಸಿರುತ್ತಾರೆ. ಸುಟ್ಟರೆ ಇವು ಬೂದಿಯಾಗಿ ಉಳಿಯುತ್ತವೆ. ಬೂದಿ ಹೋಗಿ ಪ್ಲಗ್ ಮೇಲೆ, ಸೀಲಿನ ಸಂದಿಯಲ್ಲಿ ಕೂರುತ್ತದೆ. ಸಂದಿಯಲ್ಲಿ ಸೀಲು ಹಿಡಿದುಕೊಂಡರೆ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಹೋಯಿತು. ಟೂಟಿ ಆಯಿಲ್ ಹಾಗಲ್ಲ. ಅದನ್ನು ಮಾಡುವುದೇ ಸುಡಲಿಕ್ಕೆ. ಬೂದಿ ಕಡಿಮೆ, ಒಳ್ಳೆಯದಾದರೆ ಹೊಗೆಯೂ ಕಡಿಮೆ. ಡಬ್ಬಿ ಮೇಲೆ ಜಾಸೋ ಎಫ್‌ಸಿ, ಎಫ್‌ಡಿ ಅಂತ ಜಪಾನಿನ ಗುಣಮಟ್ಟದ ದರ್ಜೆ ಬರೆದಿರುವುದು ಇದೇ ಲೆಕ್ಕ.

ಹಾಗಾದರೆ ಮಾಜ್ದಾ ಮೊದಲೇ ಬೇರೆ ಟ್ಯಾಂಕು ಇಡಬಹುದಿತ್ತಲ್ವಾ? ಇಡಬಹುದಿತ್ತು. ಬೇರೆಯವರು ಇಟ್ಟಿದ್ದರು. ಸುಜುಕಿ 1974ರಲ್ಲಿ ತಂದ ಆರ್‌ಇ5 ರೋಟರಿ ಬೈಕಿನಲ್ಲಿ ಸೀಲುಗಳಿಗಾಗಿಯೇ ಪ್ರತ್ಯೇಕ ಎಣ್ಣೆ ಟ್ಯಾಂಕಿತ್ತು. ಅದೇ ಕಾಲದ ಜರ್ಮನಿಯ ಹರ್ಕ್ಯುಲಿಸ್ ಡಬ್ಲ್ಯೂ 2000 ಬೈಕಿಗೆ ಶುರುವಿನಲ್ಲಿ ನಮ್ಮ ಜಾವಾ ಥರಾನೇ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕಿತ್ತು. ಆಮೇಲೆ ಪಂಪ್ ಬಂತು. ಆದರೆ ಕಾರಿನ ಗಿರಾಕಿ ಬೇರೆ. ದುಡ್ಡು ಸುರಿದು ಕಾರು ಕೊಂಡವನಿಗೆ 'ಸ್ವಾಮಿ, ಸ್ಕೂಟರಿನ ಎಣ್ಣೆಯನ್ನೂ ನೆನಪಿಟ್ಟು ತುಂಬಿ' ಅಂದರೆ ಹೇಗಿರುತ್ತದೆ? ಸಂಪ್‌ನಿಂದ ಎಣ್ಣೆ ತೆಗೆದರೆ ಅವನು ಎಣ್ಣೆ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ನೋಡಿಕೊಂಡರೆ ಸಾಕು. ನೋಡದಿದ್ದರೂ ಲೀಟರುಗಟ್ಟಲೆ ಎಣ್ಣೆ ಕೆಳಗಿದೆ, ಒಂದಷ್ಟು ದಿನ ನಡೆಯುತ್ತದೆ. ಅನುಕೂಲಕ್ಕೆ ಮಾಡಿದ ರಾಜಿ ಇದು. ಆರ್‌ಎಕ್ಸ್-8 ಕಾಲಕ್ಕೆ ಆ ರಾಜಿ ದುಬಾರಿಯಾಯಿತು. ಅಮೆರಿಕದಲ್ಲಿ ಎಂಜಿನ್ನಿನ ವಾರಂಟಿಯನ್ನು 8 ವರ್ಷ ಅಥವಾ 1 ಲಕ್ಷ ಮೈಲಿಗೆ ಹಿಗ್ಗಿಸಬೇಕಾಯಿತು. 2009ರ ಮಾದರಿಯಲ್ಲಿ ರೋಟರ್ ಒಂದಕ್ಕೆ ಎರಡರ ಬದಲು ಮೂರು ಕಡೆಯಿಂದ ಎಣ್ಣೆ ಬಿಟ್ಟರು. ಬಿಟ್ಟಿದ್ದು ಮಾತ್ರ ಅದೇ ಸಂಪ್ ಎಣ್ಣೆ. 2012ರಲ್ಲಿ ಆ ಕಾರೇ ನಿಂತುಹೋಯಿತು.

ಮಾಲೀಕರು ಅದಕ್ಕೂ ಬಹಳ ಮೊದಲೇ ಕೈಹಚ್ಚಿದ್ದರು. ಕೆಲವರು ಪಂಪ್ ಕಿತ್ತುಹಾಕಿ, ಪ್ರತಿ ಸಲ ಬಂಕಿನಲ್ಲಿ ಅಳತೆ ಮಾಡಿ ಟೂಟಿ ಆಯಿಲ್ ಸುರಿಯತೊಡಗಿದರು. ಸಾಕ್ಷಾತ್ ಜಾವಾ ಪದ್ಧತಿ! ಆದರೆ ಬೆರೆಸಿದ ಎಣ್ಣೆ ಪೆಟ್ರೋಲ್ ಹೋದಷ್ಟೇ ಹೋಗುತ್ತದೆ, ವೇಗ ನೋಡಿ ಹೆಚ್ಚು ಕಡಿಮೆ ಮಾಡುವ ಬುದ್ಧಿ ಅದಕ್ಕಿಲ್ಲ. ಇನ್ನು ಕೆಲವರು ಪಂಪ್ ಉಳಿಸಿಕೊಂಡು ಎಣ್ಣೆಯ ದಾರಿ ಮಾತ್ರ ಬದಲಾಯಿಸಿದರು. ಪಂಪಿಗೂ ಎಂಜಿನ್ನಿಗೂ ನಡುವೆ ಒಂದು ಅಡಾಪ್ಟರ್ ಪ್ಲೇಟ್ ಕೂರಿಸುವುದು. ಅದು ಸಂಪ್‌ನಿಂದ ಬರುವ ತೂತನ್ನು ಮುಚ್ಚಿ, ಪಕ್ಕದಿಂದ ಹೊಸ ದಾರಿ ಕೊಡುತ್ತದೆ. ಆ ದಾರಿಗೆ ಒಂದು ಪೈಪು, ಪೈಪಿನ ತುದಿಗೆ ಒಂದು ಟ್ಯಾಂಕು. ಕೊಂಡುಕೊಳ್ಳಬಹುದು, ಮನೆಯಲ್ಲೇ ಮಾಡಿಕೊಳ್ಳಲೂಬಹುದು.

ರಟ್ಟಿನ ಪೆಟ್ಟಿಗೆ ಹಿಡಿದು ನಾವು ಮೊದಲು ಹೋದದ್ದು ನನ್ನ ಹಳೇ ಯೆಜ್ಡಿ ನೋಡಿಕೊಳ್ಳುವ ಮೇಸ್ತ್ರಿ ಹತ್ತಿರ. ಅವರು ಎಲ್ಲ ಕೇಳಿಸಿಕೊಂಡು, "ಆಯಿಲ್‌ಕಿಂಗ್ ಕಥೆ ಇದು" ಅಂದರು. ಯೆಜ್ಡಿಯಲ್ಲಿ ಆಯಿಲ್‌ಕಿಂಗ್ ಅಂತ ಒಂದು ಮಾದರಿ ಬಂದಿತ್ತು. ಎಣ್ಣೆ ಬೆರೆಸುವ ಗೋಜಿಲ್ಲ, ಪಂಪೇ ಅಳೆದು ಕೊಡುತ್ತದೆ. ತಮ್ಮ ಕೈಗೆ ಬಂದ ಆಯಿಲ್‌ಕಿಂಗ್‌ಗಳಲ್ಲಿ ಬಹಳಷ್ಟಕ್ಕೆ ಪಂಪ್ ಕಟ್ ಮಾಡಿ ಪೆಟ್ರೋಲಿಗೇ ಎಣ್ಣೆ ಬೆರೆಸುವಂತೆ ಮಾಡಿಕೊಟ್ಟೆ ಅಂದರು. ಯಾಕೆ? "ಪಂಪ್ ಕೆಟ್ಟಿತು ಅನ್ನೋದು ಕಮ್ಮಿ ಸಾರ್. ಎಣ್ಣೆ ಹಾಕೋದು ಮರೀತಿದ್ರು. ಬೆರಕೆ ಆದ್ರೆ ಪೆಟ್ರೋಲ್ ಹಾಕ್ಸುವಾಗ ನೆನಪಾಗ್ತದೆ." ಯಮಹಾ ಆರ್‌ಎಕ್ಸ್ 100 ಬೈಕ್ ಓಡಿಸಿದವರಿಗೂ ಈ ಭಯ ಗೊತ್ತು. ಅದರಲ್ಲೂ ಎಣ್ಣೆಗೆ ಬೇರೆ ಟ್ಯಾಂಕೇ ಇತ್ತು.

ಮೇಸ್ತ್ರಿ ಹೇಳಿದ ಮೇಲೆ ನಮ್ಮ ಟ್ಯಾಂಕಿನ ನಕ್ಷೆ ಬದಲಾಯಿತು. ಮೊದಲು ಬರೀ ಡಬ್ಬಿ ಇತ್ತು. ಈಗ ಅದಕ್ಕೆ ಫ್ಲೋಟ್ ಸ್ವಿಚ್ ಸೇರಿತು, ಎಣ್ಣೆ ಇಳಿದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತುವ ಹಾಗೆ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ವರ್ಕ್‌ಶಾಪಿನಲ್ಲಿ 2 ಮಿ.ಮೀ. ಅಲ್ಯೂಮಿನಿಯಂ ಶೀಟ್ ಕತ್ತರಿಸಿ, ಬಗ್ಗಿಸಿ, ಆರ್ಗಾನ್ ವೆಲ್ಡಿಂಗ್ ಮಾಡಿಸಿದೆವು. ಹಳೇ ಪೆಟ್ರೋಲ್ ಕ್ಯಾನಿಗೆ ಬೆಸುಗೆ ಹಾಕಿಸಿದರಾಯಿತಲ್ಲ ಅಂತ ನಾನು ಅಂದಿದ್ದೆ. ವೆಲ್ಡಿಂಗ್ ಹುಡುಗ ನನ್ನನ್ನು ನೋಡಿದ ನೋಟ ಹೇಳಬಾರದು. ಪೆಟ್ರೋಲ್ ಇದ್ದ ಡಬ್ಬಿ ಖಾಲಿಯಾದರೂ ಒಳಗಿನ ಆವಿ ಸಿಡಿಯುತ್ತದೆ.

ನೋಡಲು ಡಬ್ಬಿ, ಆದರೆ ಸಣ್ಣ ಸಣ್ಣ ಲೆಕ್ಕಗಳು ತುಂಬ. ಆ ಪಂಪ್ ದೂರದಿಂದ ಎಣ್ಣೆ ಎಳೆದುಕೊಳ್ಳುವ ಜಾತಿಯದಲ್ಲ, ಹಾಗಾಗಿ ಟ್ಯಾಂಕು ಅದಕ್ಕಿಂತ ಎತ್ತರದಲ್ಲಿ ಕೂತು ಎಣ್ಣೆ ತಾನಾಗಿ ಇಳಿಯಬೇಕು. ಮುಚ್ಚಳದಲ್ಲಿ ಗಾಳಿ ತೂತು ಇರಲೇಬೇಕು, ಇಲ್ಲದಿದ್ದರೆ ಎಣ್ಣೆ ಇಳಿದಂತೆ ಒಳಗೆ ಗಾಳಿ ಸಾಲದೆ ಹರಿವು ನಿಲ್ಲುತ್ತದೆ. ಎಣ್ಣೆ ಹೊರಡುವ ನಿಪ್ಪಲ್ ತಳಕ್ಕಿಂತ ಒಂದು ಬೆರಳು ಮೇಲೆ, ಕಸ ಕೆಳಗೇ ಕೂರಲಿ ಅಂತ. ಅದರ ಬಾಯಿಗೆ ಜಾಲರಿ. ಸೋರುತ್ತದೋ ಇಲ್ಲವೋ ನೋಡಲು ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಕೊಟ್ಟು ಬಕೆಟ್ ನೀರಲ್ಲಿ ಮುಳುಗಿಸಿದೆವು. ಒಂದು ಮೂಲೆಯಲ್ಲಿ ಗುಳ್ಳೆ ಬಂತು, ಮತ್ತೆ ಬೆಸುಗೆ. ಪೈಪಿಗೆ ಎಣ್ಣೆ ತಾಳುವ ರಬ್ಬರ್ ಪೈಪೇ ಆಗಬೇಕು. ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಪೈಪ್ ಚೆನ್ನಾಗಿ ಕಾಣುತ್ತದೆ, ಬಿಸಿಗೆ ಗಟ್ಟಿಯಾಗಿ ಬಿರಿಯುತ್ತದೆ. ರೋಟರಿಯ ಹೊಗೆ ಕೊಳವೆ ಮಾಮೂಲಿ ಕಾರಿಗಿಂತ ಜಾಸ್ತಿ ಕಾಯುತ್ತದೆ, ಟ್ಯಾಂಕೂ ಪೈಪೂ ಅದರಿಂದ ದೂರ ಇರಬೇಕು.

ಕಾರಿಗೆ ಹಾಕಿದ ಮೇಲೆ ಇನ್ನೊಂದು ಎಚ್ಚರ. ಪೈಪಿನಲ್ಲಿ ಗಾಳಿ ಉಳಿದರೆ ಪಂಪ್ ತಿರುಗಿದರೂ ಸೀಲಿಗೆ ಎಣ್ಣೆ ಹೋಗದು. ಅದಕ್ಕೇ ಮೊದಲು ಪೈಪ್ ತುಂಬ ಎಣ್ಣೆ ಇಳಿಸಿ ಗಾಳಿ ಬಿಡಬೇಕು, ಶುರುವಿನ ಒಂದೆರಡು ಟ್ಯಾಂಕ್ ಪೆಟ್ರೋಲಿಗೂ ಸ್ವಲ್ಪ ಟೂಟಿ ಆಯಿಲ್ ಬೆರೆಸಿಕೊಂಡಿರಬೇಕು. ಇಷ್ಟೆಲ್ಲ ಮಾಡಿದರೂ ಸವೆದ ಸೀಲು ಹೊಸದಾಗುವುದಿಲ್ಲ. ಕಂಪ್ರೆಷನ್ ಬಿದ್ದುಹೋದ ಎಂಜಿನ್ನಿಗೆ ಈ ಟ್ಯಾಂಕ್ ಔಷಧಿಯಲ್ಲ. ನಮ್ಮ ಹುಡುಗ ಬರುವ ಮೊದಲೇ ಕಂಪ್ರೆಷನ್ ನೋಡಿಸಿದ್ದ, ಪರವಾಗಿಲ್ಲ ಅನ್ನುವಂತಿತ್ತು. ಹಾಗಾಗಿ ನಾನೂ ಸುಮ್ನೆ ಒಪ್ಪಿದೆ.

ಟ್ಯಾಂಕನ್ನು ಸೋಪು ನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಅಕ್ಕ ಕೊಟ್ಟ ಚಟ್ನಿಪುಡಿ ಪೊಟ್ಟಣಗಳನ್ನು ಅದರ ಸುತ್ತ ಒತ್ತರಿಸಿ ಮೆಲ್ಬರ್ನ್‌ಗೆ ಕಳಿಸಿದೆವು. ಎರಡು ತಿಂಗಳಾದ ಮೇಲೆ ನನ್ನ ಫೋನಿಗೆ ನಾಲ್ಕು ಸ್ಪಾರ್ಕ್ ಪ್ಲಗ್‌ಗಳ ಫೋಟೊ ಬಂತು. ಮೇಸ್ತ್ರಿಗೆ ತೋರಿಸಲು ಹೋದೆ. ಅವರು ಕನ್ನಡಕ ಹಣೆಗೆ ಏರಿಸಿ ಫೋನನ್ನು ಹತ್ತಿರ ಹಿಡಿದು ನೋಡಿದರು. "ಕಾಫಿಪುಡಿ ಬಣ್ಣ. ಸರಿಯಾಗಿದೆ. ಟ್ಯಾಂಕಲ್ಲಿ ಎಣ್ಣೆ ಎಷ್ಟು ಇಳಿದಿದೆ?"

ಅಲ್ಲಿಂದಲೇ ಫೋನ್ ಮಾಡಿ ಕೇಳಿದೆ.

"ಗೊತ್ತಿಲ್ಲ ಮಾವ, ದೀಪ ಇನ್ನೂ ಹತ್ತಿಲ್ಲ" ಅಂದ.

ಮೇಸ್ತ್ರಿ ಫೋನಿನ ಕಡೆ ಬಗ್ಗಿ, "ದೀಪ ಆಮೇಲೆ. ಕ್ಯಾಪ್ ತೆಗೆದು ನೋಡಪ್ಪಾ" ಅಂದರು.