ಒಂದೇ ಅಂಚೆ ಡಬ್ಬಕ್ಕೆ 400 ನಕಲು

ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್‌ನಲ್ಲಿ ಮಾತ್ರ ಸಿಗುವ ಗೇಮ್‌ಗೆ ದೊಡ್ಡ ಪ್ರಶಸ್ತಿ ಬಂದರೆ ಸಾಕು, ಗೋಣಿಕೊಪ್ಪದ ಹುಡುಗರದು ಒಂದೇ ರಾಗ: "ದುಡ್ಡು ಕೊಟ್ಟು ತಗೊಂಡಿದ್ದಾರೆ." ಸುಮ್ನೆ ಮಾತು. ವರ್ಷಕ್ಕೊಮ್ಮೆ ಗೇಮ್‌ಗಳಿಗೆ ಪ್ರಶಸ್ತಿ ಕೊಡುವ ದಿ ಗೇಮ್ ಅವಾರ್ಡ್ಸ್‌ನಲ್ಲಿ ಶೇ 90ರಷ್ಟು ತೂಕ ತೀರ್ಪುಗಾರರ ಮತಕ್ಕೆ. ಗೇಮ್ ಆಫ್ ದಿ ಇಯರ್, ಅಂದ್ರೆ ವರ್ಷದ ಗೇಮ್ ಅಂತ ಅವರೇ 2022ರಲ್ಲಿ ಎಲ್ಡನ್ ರಿಂಗ್, 2023ರಲ್ಲಿ ಬಾಲ್ಡರ್ಸ್ ಗೇಟ್ 3 ಆರಿಸಿದರು. ಎರಡೂ ಪಿಸಿಯಲ್ಲೂ ಸಿಗುತ್ತವೆ.

ಹಾಗಿದ್ರೂ ಒಂದೇ ಕನ್ಸೋಲ್‌ನ, ಅಂದ್ರೆ ಒಂದೇ ಬಗೆಯ ಗೇಮ್ ಯಂತ್ರದ ಗೇಮ್‌ಗಳಿಗೆ ಒಂದು ಅನುಕೂಲ ಇದ್ದೇ ಇದೆ. ಆಡುವವರ ಮನೆಯಲ್ಲಿ ಯಾವ ಯಂತ್ರ ಇದೆ ಅಂತ ಗೇಮ್ ಮಾಡುವವರಿಗೆ ಮೊದಲೇ ಗೊತ್ತು.

2013ರ ಪ್ಲೇಸ್ಟೇಷನ್ 4 ತಗೊಳ್ಳಿ. ಅದರ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅಂದ್ರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಸೆಕೆಂಡಿಗೆ 30 ಚಿತ್ರ ತೋರಿಸುವ ಗೇಮ್‌ನಲ್ಲಿ ಒಂದು ಚಿತ್ರಕ್ಕೆ ಸಿಗುವ ಸಮಯ 33 ಮಿಲಿಸೆಕೆಂಡ್ ಅಷ್ಟೇ. ಓದುವ ಮುಳ್ಳು ಡಿಸ್ಕಿನ ಆ ತುದಿಗೂ ಈ ತುದಿಗೂ ಓಡುತ್ತಾ ಕೂತರೆ, ಸ್ಪೈಡರ್‌ಮ್ಯಾನ್ ಹಾರಿ ಬರುವಷ್ಟರಲ್ಲಿ ಮುಂದಿನ ಬೀದಿಯೇ ಇರುವುದಿಲ್ಲ! ಅದಕ್ಕೆ 2018ರ ಸ್ಪೈಡರ್‌ಮ್ಯಾನ್ ಗೇಮ್‌ನಲ್ಲಿ ಒಂದು ಉಪಾಯ ಮಾಡಿದರು. ರಸ್ತೆ ಬದಿಯ ಅಂಚೆ ಡಬ್ಬದಂಥ ವಸ್ತುಗಳನ್ನು ಡಿಸ್ಕಿನಲ್ಲಿ 400 ಕಡೆ ನಕಲು ಮಾಡಿಟ್ಟರು. ಯಾವ ಬೀದಿ ಬೇಕೋ ಅದರ ಪಕ್ಕದಲ್ಲೇ ಡಬ್ಬವೂ ರೆಡಿ. ಇದನ್ನು ಹೇಳಿದ್ದು ಆ ಕನ್ಸೋಲ್ ರೂಪಿಸಿದ ಮಾರ್ಕ್ ಸರ್ನಿ, 2020ರಲ್ಲಿ. ಕಾಫಿಗೆ ಬೋರ್ಡೋ ಔಷಧಿ ಹೊಡೆಯುವಾಗ ನಾವೂ ತೋಟದಲ್ಲಿ ಅಲ್ಲಲ್ಲಿ ಡ್ರಮ್ ಇಡ್ತೀವಲ್ವಾ? ಒಂದೇ ಡ್ರಮ್ಮಾದರೆ ಹೊಡೆಯುವುದಕ್ಕಿಂತ ಓಡಾಟವೇ ಜಾಸ್ತಿ. ಜಾಗ ದಂಡ, ಸಮಯ ಉಳಿತಾಯ.

ಪಿಸಿಯಲ್ಲೂ ಇದನ್ನು ಮಾಡಬಹುದು. ಆದರೆ ಒಬ್ಬರ ಮನೆಯಲ್ಲಿ ಹಳೇ ಡಿಸ್ಕ್, ಇನ್ನೊಬ್ಬರಲ್ಲಿ ತಿರುಗುವ ಭಾಗವೇ ಇಲ್ಲದ ಹೊಸ ಎಸ್‌ಎಸ್‌ಡಿ. ಯಾರ ಅಳತೆಗೆ ಹೊಲಿಯುವುದು?

2018ರಲ್ಲೇ ಗೇಮ್ ಆಫ್ ದಿ ಇಯರ್ ಗೆದ್ದ ಗಾಡ್ ಆಫ್ ವಾರ್‌ನಲ್ಲಿ ಕ್ಯಾಮೆರಾ ಮೊದಲಿಂದ ಕೊನೆವರೆಗೂ ಕಟ್ ಆಗುವುದೇ ಇಲ್ಲ. ಕಥಾನಾಯಕ ಕ್ರೇಟೋಸ್ ಬಂಡೆಗಳ ಸಂದಿಯಲ್ಲಿ ಮೈ ಹಿಂಡಿಕೊಂಡು ನಿಧಾನ ನುಸುಳುವಾಗ ಹಿಂದುಗಡೆ ಮುಂದಿನ ಜಾಗ ಲೋಡ್ ಆಗುತ್ತಿರುತ್ತದೆ. ಈ ಕಳ್ಳಾಟ ಹೊಸದೇನಲ್ಲ. 1996ರ ಕ್ರ್ಯಾಶ್ ಬ್ಯಾಂಡಿಕೂಟ್, ಬರೀ 2 ಎಂಬಿ ಮೆಮೊರಿಯ ಮೊದಲ ಪ್ಲೇಸ್ಟೇಷನ್‌ನಲ್ಲಿ, ಆಟಗಾರ ಮುಂದೆ ಹೋದಂತೆ ಸಿಡಿಯಿಂದ ತುಂಡು ತುಂಡಾಗಿ ಎಳೆದುಕೊಳ್ಳುತ್ತಿತ್ತು.

ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಕೂಡ ಎಲ್ಲರಿಗೂ ಒಂದೇ. ಪ್ಲೇಸ್ಟೇಷನ್ 5ರ ಜತೆ ಬಂದ ಆಸ್ಟ್ರೋಸ್ ಪ್ಲೇರೂಮ್‌ನಲ್ಲಿ ಕಂಟ್ರೋಲರ್ ಕಂಪಿಸಿ ಮಳೆ ಹನಿ ಅಂಗೈಗೆ ತಟ್ಟಿದಂತಾಗುತ್ತದೆ. (ಮಡಿಕೇರಿಯ ಆಷಾಢ ಕಂಡವರಿಗೆ ಅದು ತುಂತುರೇ ಬಿಡಿ.) ಅದೇ ತಂಡದ ಆಸ್ಟ್ರೋ ಬಾಟ್ 2024ರಲ್ಲಿ ಗೇಮ್ ಆಫ್ ದಿ ಇಯರ್ ಆಯಿತು.

ಇನ್ನು ದುಡ್ಡಿನ ಪಾತ್ರ ಇಲ್ಲವೇ ಇಲ್ಲ ಅನ್ನಲಾರೆ. ಅದು ಪ್ರಶಸ್ತಿಗಲ್ಲ, ಕಾಯುವುದಕ್ಕೆ ಹೋಗುತ್ತದೆ. ಗೇಮ್ ಚೆನ್ನಾಗಿದ್ದರೆ ಕನ್ಸೋಲ್ ಮಾರಾಟವಾಗುತ್ತದೆ, ಹಾಗಾಗಿ ಕಂಪನಿಗೆ ಅವಸರ ಕಮ್ಮಿ. ನಿಂಟೆಂಡೊ ಕಂಪನಿಯ ಬ್ರೆತ್ ಆಫ್ ದಿ ವೈಲ್ಡ್ ಗೇಮ್ 2015ಕ್ಕೆ ಬರಬೇಕಿತ್ತು. ನಿಂಟೆಂಡೊ ಅದನ್ನು 2017ರ ಮಾರ್ಚ್ 3ರವರೆಗೆ ಹಿಡಿದಿಟ್ಟುಕೊಂಡಿತು. ಅವರ ಹೊಸ ಕನ್ಸೋಲ್ ಸ್ವಿಚ್ ಅಂಗಡಿಗೆ ಬಂದದ್ದೂ ಅದೇ ದಿನ.