ಘಾತೀಯ ಫಲನ ಮತ್ತು ಚಕ್ರಬಡ್ಡಿ

ಯಾವುದಾದರೂ ದಿಢೀರನೆ ಜಾಸ್ತಿಯಾದರೆ ‘ಘಾತೀಯವಾಗಿ ಬೆಳೆಯಿತು’ ಎಂದು ಬರೆಯುವ ರೂಢಿ ಈಗ ಬಂದಿದೆ. ಆದರೆ ಈ ಪದದ ಅರ್ಥದೊಳಗೆ ವೇಗದ ಮಾತೇ ಇಲ್ಲ. ವರ್ಷಕ್ಕೆ ಶೇಕಡಾ 1ರಂತೆ ನಿಧಾನವಾಗಿ ಬೆಳೆಯುವುದೂ ಘಾತೀಯ ಬೆಳವಣಿಗೆಯೇ.

ಮಾತಿನಲ್ಲಿ ಘಾತ ಅಂದರೆ ಪೆಟ್ಟು. ಗಣಿತದಲ್ಲಿ ಅದು ಗುಣಾಕಾರಕ್ಕೆ ಸೇರಿದ ಪದ. 2 ಅನ್ನು ಮೂರು ಸಲ ಬರೆದು ಗುಣಿಸಿದರೆ 8. ಆ ‘ಮೂರು’ ಘಾತಾಂಕ, 2 ಆಧಾರ. ಚೌಕದ ವಿಸ್ತೀರ್ಣ ಹುಡುಕುವಾಗ ಬಾಹು ಬದಲಾಗುತ್ತದೆ, ಘಾತಾಂಕ ಮಾತ್ರ ಯಾವಾಗಲೂ 2. ಘಾತೀಯ ಫಲನದಲ್ಲಿ ಇದು ಉಲ್ಟಾ. ಆಧಾರ ಇದ್ದಲ್ಲೇ ಇರುತ್ತದೆ, ತಲೆಯ ಮೇಲೆ ಕೂತ ಘಾತಾಂಕ ಬದಲಾಗುತ್ತಾ ಹೋಗುತ್ತದೆ. ಫಲನ ಅಂದರೆ ಫಂಕ್ಷನ್, ಒಂದು ಸಂಖ್ಯೆ ಕೊಟ್ಟರೆ ಒಂದು ಉತ್ತರ ಕೊಡುವ ನಿಯಮ.

ಗ್ರಾಫ್ ಹಾಳೆ ಹತ್ತಿರದಲ್ಲಿದ್ದರೆ ಬಿಡಿಸಿಯೇ ನೋಡಿ. ಆಧಾರ 2 ಇರಲಿ. ಘಾತಾಂಕ 0 ಆದಾಗ ಎತ್ತರ 1. ಬಲಕ್ಕೆ ಒಂದೊಂದೇ ಹೆಜ್ಜೆ ಇಟ್ಟರೆ 2, 4, 8, 16, 32. ಎಡಕ್ಕೆ ಹೋದರೆ ಅರ್ಧ, ಕಾಲು, ಅರೆಕಾಲು, ವೀಸ (ಹದಿನಾರರಲ್ಲಿ ಒಂದು ಪಾಲು). ರೇಖೆ ಅಡ್ಡ ಅಕ್ಷದ ತೀರಾ ಹತ್ತಿರ ಬರುತ್ತದೆ, ಆದರೆ ಮುಟ್ಟುವುದಿಲ್ಲ. ಎಷ್ಟು ಸಲ ಅರ್ಧ ಮಾಡಿದರೂ ಏನೋ ಸ್ವಲ್ಪ ಉಳಿದೇ ಇರುತ್ತದೆ, ಅಲ್ವಾ? ಆಧಾರ 0 ಮತ್ತು 1ರ ನಡುವೆ ಇದ್ದರೆ ರೇಖೆ ಬಲಕ್ಕೆ ಇಳಿಯುತ್ತದೆ.

ಈಗ ಬಡ್ಡಿಗೆ ಬರೋಣ. ಅಸಲು 1000, ಬಡ್ಡಿ ವರ್ಷಕ್ಕೆ ಶೇಕಡಾ 10. ಸರಳ ಬಡ್ಡಿಯಲ್ಲಿ ಪ್ರತಿ ವರ್ಷ 100 ಕೂಡುತ್ತೇವೆ. ಚಕ್ರಬಡ್ಡಿಯಲ್ಲಿ ಬಡ್ಡಿಗೂ ಬಡ್ಡಿ, ಅಂದರೆ ಪ್ರತಿ ವರ್ಷ ಇಡೀ ಮೊತ್ತವನ್ನು 1.1ರಿಂದ ಗುಣಿಸುತ್ತೇವೆ. ಆ 1.1 ಆಧಾರ, ವರ್ಷಗಳ ಎಣಿಕೆ ಘಾತಾಂಕ. ಮೊದಲ ವರ್ಷದ ಕೊನೆಗೆ ಎರಡರಲ್ಲೂ 1100. ಎರಡನೇ ವರ್ಷ 1200 ಮತ್ತು 1210. ಬರೀ ಹತ್ತರ ವ್ಯತ್ಯಾಸ! ಗ್ರಾಫಿನಲ್ಲಿ ನೇರ ಗೆರೆ, ಬಾಗಿದ ಗೆರೆ ಎರಡೂ ಒಂದರ ಮೇಲೊಂದು ಕೂತಂತೆ ಕಾಣುತ್ತವೆ. ಹತ್ತು ವರ್ಷಕ್ಕೆ 2000 ಮತ್ತು ಸುಮಾರು 2594. ಮೂವತ್ತು ವರ್ಷಕ್ಕೆ 4000 ಮತ್ತು ಸುಮಾರು 17,449. ಸಾಲ ಮಾಡಿದವರು ಮೋಸ ಹೋಗುವುದು ಆ ಮೊದಲ ಎರಡು ವರ್ಷದ ಸಣ್ಣ ವ್ಯತ್ಯಾಸ ನೋಡಿಯೇ. ಮೊತ್ತ ಎಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತದೆ ಎಂದು ಬಾಯಲ್ಲೇ ಅಂದಾಜು ಮಾಡಲು 72 ಅನ್ನು ಬಡ್ಡಿದರದಿಂದ ಭಾಗಿಸಿ. ಇಲ್ಲಿ 7 ವರ್ಷದ ಮೇಲೆ ಸ್ವಲ್ಪ.

ಬಡ್ಡಿಯನ್ನು ವರ್ಷಕ್ಕೊಂದೇ ಸಲ ಯಾಕೆ ಸೇರಿಸಬೇಕು? ಗಣಿತಜ್ಞ ಜೇಕಬ್ ಬರ್ನೂಲಿ 1683ರಲ್ಲಿ ಈ ಪ್ರಶ್ನೆಯ ಹಿಂದೆ ಬಿದ್ದರು. ಅಸಲು 1, ಬಡ್ಡಿ ಶೇಕಡಾ 100 ಅಂದುಕೊಳ್ಳಿ. ವರ್ಷಕ್ಕೊಮ್ಮೆ ಸೇರಿಸಿದರೆ 2. ಆರು ತಿಂಗಳಿಗೊಮ್ಮೆ ಆದರೆ 2.25. ತಿಂಗಳಿಗೊಮ್ಮೆ ಸುಮಾರು 2.613, ದಿನಕ್ಕೊಮ್ಮೆ ಸುಮಾರು 2.7146. ಕ್ಷಣಕ್ಷಣಕ್ಕೂ ಸೇರಿಸಿದರೂ ಮೊತ್ತ 2.71828ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಮುಂದೆ ಗಣಿತಜ್ಞ ಆಯ್ಲರ್ ಆ ಸಂಖ್ಯೆಯನ್ನು ‘ಇ’ ಎಂಬ ಅಕ್ಷರದಿಂದ ಗುರುತಿಸಿದರು. ಅದನ್ನೇ ಆಧಾರವಾಗಿಟ್ಟು ಗ್ರಾಫ್ ಬಿಡಿಸಿದರೆ, ರೇಖೆ ಎಲ್ಲಿ ಎಷ್ಟು ಎತ್ತರದಲ್ಲಿದೆಯೋ ಅಲ್ಲಿ ಅದರ ಇಳಿಜಾರೂ, ಅಂದರೆ ಅದು ಏರುವ ದರವೂ, ಸರಿಯಾಗಿ ಅಷ್ಟೇ ಇರುತ್ತದೆ.